ಅಲೆಯನ್ನು ಯಾವ ಬದಿಯಿಂದ ಕತ್ತರಿಸಬೇಕು

ಮಂಗಳೂರಿನ ಮನೆಗಳಲ್ಲಿ ವರ್ಷವಿಡೀ ಕೈಗೆ ಸಿಗುವ ನಾಬ್ ಎಂದರೆ ಫ್ಯಾನಿನ ರೆಗ್ಯುಲೇಟರ್. ಏಪ್ರಿಲ್ ಸೆಕೆಗೆ ಐದು, ಜುಲೈ ಮಳೆಗೆ ಎರಡು, ಬೆಳಗಿನ ಜಾವ ಚಳಿ ಹತ್ತಿದರೆ ಒಂದು. ಹಿಂದೆ ಅದು ಗೋಡೆಯ ಮೇಲೆ ಕೂತಿರುತ್ತಿದ್ದ ಕರಿಯ ಡಬ್ಬಿ. ಒಳಗೆ ಸುತ್ತಿಟ್ಟ ಪ್ರತಿರೋಧಕ ತಂತಿ. ಫ್ಯಾನಿಗೆ ಕೊಡದೆ ಉಳಿಸಿಕೊಂಡ ವಿದ್ಯುತ್ತನ್ನು ಅದು ಶಾಖವಾಗಿಸಿ ಕೋಣೆಗೇ ಬಿಡುತ್ತಿತ್ತು. ಸೆಕೆ ಓಡಿಸುವ ಯಂತ್ರದ ರೆಗ್ಯುಲೇಟರೇ ಚೂರು ಸೆಕೆ ಹುಟ್ಟಿಸುತ್ತಿತ್ತು ಎಂಬುದನ್ನು ಆಗ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

ಆಮೇಲೆ ಸ್ವಿಚ್‌ಬೋರ್ಡಿನ ಒಳಗೇ ಕೂರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂತು. ಅದು ಅಷ್ಟು ಬಿಸಿಯಾಗುವುದಿಲ್ಲ. ಬದಲಿಗೆ, ಫ್ಯಾನು ನಿಧಾನವಾದಂತೆ ಮೇಲಿನಿಂದ ‘ಗುಂಯ್’ ಎಂಬ ಸದ್ದು ಇಳಿಯುತ್ತದೆ. ಕರೆಂಟಿನ ಅಲೆಯನ್ನು ಯಾರೋ ಕತ್ತರಿಸುತ್ತಿದ್ದಾರೆ ಎಂಬುದರ ಕುರುಹು ಅದು. ಅದೇ ಕತ್ತರಿ ಹ್ಯಾಲೊಜೆನ್ ದೀಪದ ಡಿಮ್ಮರ್‌ನಲ್ಲೂ ಇದೆ.

ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆ ಬಹುಮಹಡಿ ಕಟ್ಟಡಗಳು ಏಳುತ್ತ ಬಂದ ಹಾಗೆ ಮನೆಯೊಳಗೆ ಫಾಲ್ಸ್ ಸೀಲಿಂಗ್ ಬಂತು, ಅದರಲ್ಲಿ ದುಂಡಗಿನ ತೂತು ಬಂತು, ತೂತಿನೊಳಗೆ ಹೆಬ್ಬೆರಳುದ್ದದ ಹ್ಯಾಲೊಜೆನ್ ಬಂತು. ಶೋಕೇಸಿನ ಯಕ್ಷಗಾನದ ಗೊಂಬೆಯ ಮೇಲೆ ಒಂದು, ದೇವರ ಕೋಣೆಯ ಬಾಗಿಲಿಗೆ ಒಂದು, ಕ್ರೈಸ್ತರ ಮನೆಯಾದರೆ ಆಲ್ತಾರ್ ಮೇಲೊಂದು, ಗೋಡೆಯ ಫೋಟೊಕ್ಕೆ ಎರಡು. ಚಿನ್ನದಂಗಡಿಗಳು ಗಾಜಿನ ಪೆಟ್ಟಿಗೆಯೊಳಗೆ ಒಡವೆ ಹೊಳೆಯಿಸಲು ನೆಚ್ಚಿಕೊಂಡಿದ್ದೂ ಇದನ್ನೇ. ಮನೆಯವರಿಗೆ ಇಷ್ಟವಾಗುವುದು ರಾತ್ರಿ ಇದರ ಬೆಳಕನ್ನು ನಂದಾದೀಪದಷ್ಟು ಇಳಿಸಿ ಕೂರುವುದು. ಹಾಗಾಗಿ ಡಿಮ್ಮರ್. ತಕರಾರು ಶುರುವಾಗುವುದೂ ಅಲ್ಲೇ: ಇಳಿಸಿದರೆ ಜೀರುಂಡೆ ಕೂಗಿದಂತೆ ಸದ್ದು, ಅರ್ಧಕ್ಕೆ ಬಂದಾಗ ಮಿಣುಕು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಡಬ್ಬಿ ಸತ್ತಿರುತ್ತದೆ. ವಯರ್‌ಮ್ಯಾನ್ ಬಂದು ನೋಡಿ, “ಡಿಮ್ಮರ್ ಹಾಳು ಮಾರಾಯ್ರೆ, ಬೇರೆ ಹಾಕುವ” ಅನ್ನುತ್ತಾನೆ. ಹೊಸ ಡಿಮ್ಮರ್ ಬಂದರೂ ಅದೇ ಹಾಡು. ಹಲವು ಸಲ ತಪ್ಪು ಡಿಮ್ಮರಿನದೂ ಅಲ್ಲ, ಡಬ್ಬಿಯದೂ ಅಲ್ಲ. ಎರಡಕ್ಕೂ ಹೊಂದಾಣಿಕೆಯಿಲ್ಲ, ಅಷ್ಟೆ.

ಇಲ್ಲಿ ‘ಡಬ್ಬಿ’ ಎಂದದ್ದು ಟ್ರಾನ್ಸ್‌ಫಾರ್ಮರ್. ವಯರ್‌ಮ್ಯಾನ್‌ಗಳ ಬಾಯಲ್ಲಿ ಅದೂ ‘ಚೋಕ್’ ಆಗುವುದುಂಟು. ಟ್ಯೂಬ್‌ಲೈಟಿನ ಕಾಲದಿಂದ ಬಂದ ರೂಢಿ. ಗೋಡೆಗೆ ಬರುವುದು 230 ವೋಲ್ಟ್, ದೀಪಕ್ಕೆ ಬೇಕಾದದ್ದು 12 ವೋಲ್ಟ್. ನಡುವೆ ಇಳಿಸುವವನೊಬ್ಬ ಬೇಕು.

ನೇರವಾಗಿ 230 ವೋಲ್ಟಿಗೇ ಉರಿಯುವ ಹ್ಯಾಲೊಜೆನ್ ಇರುವಾಗ ಈ ಉಪದ್ವ್ಯಾಪ ಯಾಕೆ? ತಂತುವಿಗಾಗಿ. 50 ವ್ಯಾಟಿನ ದೀಪ 230 ವೋಲ್ಟಿನಲ್ಲಿ ಎಳೆಯುವುದು 0.22 ಆಂಪಿಯರ್, 12 ವೋಲ್ಟಿನಲ್ಲಾದರೆ 4.17 ಆಂಪಿಯರ್. ಹೆಚ್ಚು ಪ್ರವಾಹ ಸಾಗಿಸುವ ತಂತು ದಪ್ಪಗಿರಬೇಕು, ಗಿಡ್ಡಗಿರಬೇಕು. ದಪ್ಪ ತಂತುವನ್ನು ಇನ್ನಷ್ಟು ಬಿಸಿ ಮಾಡಬಹುದು, ಹಾಗಾಗಿ ಬೆಳಕು ಬೆಳ್ಳಗಿರುತ್ತದೆ. ಅದು ಗಿಡ್ಡಗೆ ಒಂದೇ ಬಿಂದುವಿನಂತಿರುವುದರಿಂದ ಹಿಂದಿನ ಕನ್ನಡಿ ಬೆಳಕನ್ನು ಬೇಕಾದಲ್ಲಿಗೆ ಚುಚ್ಚಿದಂತೆ ಬಿಡುತ್ತದೆ. ಎಂಆರ್16 ಎಂದು ಪೊಟ್ಟಣದ ಮೇಲೆ ಬರೆದಿರುವ ದೀಪದ 16 ಎಂದರೆ ಅಂಗುಲದ ಎಂಟನೇ ಒಂದು ಭಾಗಗಳು ಹದಿನಾರು, ಅಂದರೆ ಎರಡು ಅಂಗುಲದ ಬಾಯಿ. ಇದು ಮೊದಲು ದುಡಿದದ್ದು ಸ್ಲೈಡ್ ಪ್ರೊಜೆಕ್ಟರ್‌ಗಳಲ್ಲಿ. ಮನೆಯ ಸೀಲಿಂಗಿಗೆ ಏರಿದ್ದು ಆಮೇಲೆ.

12 ವೋಲ್ಟಿಗೆ ಇಳಿಸಲು ಟ್ರಾನ್ಸ್‌ಫಾರ್ಮರ್ ಇಲ್ಲದ ದಾರಿಯೂ ಒಂದಿದೆ, ಅದನ್ನು ಮಂಗಳೂರು ಪ್ರತಿ ದಸರೆಗೆ ನೋಡುತ್ತ ಬಂದಿದೆ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಮೆರವಣಿಗೆ ಸಾಗುವ ಬೀದಿಗಳಲ್ಲಿ ತೂಗುವ ಸೀರಿಯಲ್ ಸೆಟ್‌ಗಳ ಲೆಕ್ಕ ಇಷ್ಟೇ: ಕಡಿಮೆ ವೋಲ್ಟಿನ ದೀಪಗಳನ್ನು ಒಂದರ ಹಿಂದೊಂದು ಪೋಣಿಸಿ 230 ಹಂಚಿಬಿಡುವುದು. 12 ವೋಲ್ಟಿನ ಹ್ಯಾಲೊಜೆನ್ ಹತ್ತೊಂಬತ್ತು ಪೋಣಿಸಿದರೆ 228 ಆಗುತ್ತದೆ, ಲೆಕ್ಕ ಸರಿ. ಆದರೆ 950 ವ್ಯಾಟಿನ ಆ ಮಾಲೆಯಲ್ಲಿ ಒಂದು ಸತ್ತರೆ ಹತ್ತೊಂಬತ್ತೂ ಕತ್ತಲು, ಮೇಲಾಗಿ ಪ್ರತಿ ಹೋಲ್ಡರಿನಲ್ಲೂ 230ರ ಅಪಾಯ. ಜಾತ್ರೆಗೆ ಹೊಂದುವ ಉಪಾಯ ಜಗಲಿಗೆ ಹೊಂದುವುದಿಲ್ಲ.

ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡು ಕುಲ. ಒಂದು ಹಳೆಯದು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಇಟ್ಟಿಗೆಯಂತೆ ಭಾರ. ಒಳಗೆ ಕಬ್ಬಿಣದ ತೆಳು ತಗಡುಗಳ ಕಟ್ಟು ಅಥವಾ ಬಳೆಯಾಕಾರದ ಉಂಗುರ, ಸುತ್ತ ತಾಮ್ರದ ತಂತಿಯ ಸುರುಳಿ. ಇನ್ನೊಂದು ಎಲೆಕ್ಟ್ರಾನಿಕ್, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಹಗುರ. ಅದು ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟನ್ನು ಇಪ್ಪತ್ತು, ಮೂವತ್ತು ಸಾವಿರ ಸಲ ಏರಿಳಿಯುವಂತೆ ಚೂರು ಮಾಡಿ, ಆಮೇಲೆ ವೋಲ್ಟ್ ಇಳಿಸುತ್ತದೆ. ಅಷ್ಟು ವೇಗದಲ್ಲಿ ಕೆಲಸ ಮಾಡುವಾಗ ಕಬ್ಬಿಣದ ದಿಂಡು ಬೇಕಿಲ್ಲ, ಅಡಕೆ ಗಾತ್ರದ ಫೆರೈಟ್ ಉಂಗುರ ಸಾಕು. ಮೊದಲನೆಯದರ ಸ್ವಭಾವ ಸುರುಳಿಯದು. ಎರಡನೆಯದರ ಬಾಗಿಲಲ್ಲಿ ಕೂತಿರುವುದು ಕೆಪಾಸಿಟರ್. ಕರಾವಳಿಯ ಮನೆಗಳಲ್ಲಿ ಕೆಪಾಸಿಟರ್ ಅಪರಿಚಿತವೇನಲ್ಲ. ಫ್ಯಾನು ನಿಧಾನವಾದರೆ, ಬಾವಿಯ ಪಂಪು ಹಟ ಹಿಡಿದರೆ ಮೊದಲು ಬದಲಾಗುವ ಬಿಡಿಭಾಗ ಅದೇ.

ಇನ್ನು ಡಿಮ್ಮರ್. ಇದು ವೋಲ್ಟನ್ನು ನಲ್ಲಿಯಂತೆ ಸಣ್ಣ ಮಾಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪಣಂಬೂರಿನಲ್ಲಿ ಕಡಲಲೆ ಎದ್ದು ಬೀಳುವ ಹಾಗೆ ಮನೆಯ ಕರೆಂಟೂ ಎದ್ದು ಬೀಳುತ್ತದೆ, ಪ್ರತಿ ಏರಿಳಿತಕ್ಕೆ ಎರಡರಂತೆ ಸೆಕೆಂಡಿಗೆ ನೂರು ಉಬ್ಬುಗಳು, ಒಂದೊಂದಕ್ಕೆ ಹತ್ತು ಮಿಲಿಸೆಕೆಂಡು. ಡಿಮ್ಮರ್ ಪ್ರತಿ ಉಬ್ಬಿನಿಂದ ಒಂದು ತುಂಡು ಕತ್ತರಿಸಿ ಎಸೆಯುತ್ತದೆ. ಎಸೆಯುವುದೂ ಅಲ್ಲ, ಆ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ಕರಿಯ ಡಬ್ಬಿಯ ರೆಗ್ಯುಲೇಟರಿನಂತೆ ಬಿಸಿ ಕಾರುವುದಿಲ್ಲ. ಈ ಉಪಾಯವನ್ನು ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಹಿಡಿಸಿದವರಲ್ಲಿ ನ್ಯೂಯಾರ್ಕಿನ ಜೋಯಲ್ ಸ್ಪೈರಾ ಪ್ರಮುಖ. 1959ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು, 1961ರಲ್ಲಿ ಲುಟ್ರಾನ್ ಕಂಪನಿ ಕಟ್ಟಿದರು. ಕಾಕತಾಳೀಯವೆಂದರೆ ಹ್ಯಾಲೊಜೆನ್ ದೀಪಕ್ಕೆ ಜನರಲ್ ಎಲೆಕ್ಟ್ರಿಕ್‌ನ ಎಲ್ಮರ್ ಫ್ರಿಡ್ರಿಕ್ ಮತ್ತು ಎಮ್ಮೆಟ್ ವೈಲಿ ಅವರಿಗೆ ಪೇಟೆಂಟ್ ಸಿಕ್ಕಿದ್ದೂ 1959ರಲ್ಲೇ. ದೀಪವೂ ಡಿಮ್ಮರೂ ಒಂದೇ ಓರಗೆಯವು.

ಕತ್ತರಿಸುವುದು ಎರಡು ಬಗೆ. ಉಬ್ಬಿನ ಮುಂಭಾಗ ಬಿಟ್ಟು ಹಿಂಭಾಗ ಕೊಡುವುದು ಒಂದು: ಅಲೆ ಶುರುವಾದಾಗ ಬಾಗಿಲು ಮುಚ್ಚಿದೆ, ನಡುವೆಲ್ಲೋ ಪಟ್ಟನೆ ತೆರೆಯುತ್ತದೆ. ಇದನ್ನು ಮಾಡುವುದು ಟ್ರಯಾಕ್ ಎಂಬ ಅಗ್ಗದ, ಗಟ್ಟಿಮುಟ್ಟಾದ ಬಿಡಿಭಾಗ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲೂ ಸಾಮಾನ್ಯವಾಗಿ ಇರುವುದು ಅದೇ. ಅದಕ್ಕೊಂದು ಹಟ ಇದೆ: ಒಮ್ಮೆ ತೆರೆದರೆ ಪ್ರವಾಹ ತಾನಾಗಿ ಸೊನ್ನೆಗೆ ಇಳಿಯುವ ತನಕ ಮುಚ್ಚುವುದಿಲ್ಲ. ಎರಡನೆಯ ಬಗೆ ಇದರ ತಿರುವುಮುರುವು. ಅಲೆ ಸೊನ್ನೆಯಿಂದ ಏಳುವಾಗ ಬಾಗಿಲು ತೆರೆದೇ ಇರುತ್ತದೆ, ನಡುವೆ ಮುಚ್ಚುತ್ತದೆ. ಇದಕ್ಕೆ ಹೇಳಿದಾಗ ಮುಚ್ಚುವ ಟ್ರಾನ್ಸಿಸ್ಟರ್ ಬೇಕು, ಬೆಲೆ ಜಾಸ್ತಿ. ಡಿಮ್ಮರಿನ ಪೊಟ್ಟಣದ ಮೇಲೆ ಮೊದಲನೆಯದು ‘ಲೀಡಿಂಗ್ ಎಡ್ಜ್’, ಎರಡನೆಯದು ‘ಟ್ರೇಲಿಂಗ್ ಎಡ್ಜ್’.

ಬರೀ ತಂತುವಿನ ಬಲ್ಬಿಗೆ ಯಾವುದಾದರೂ ಒಂದೇ. ಸುರುಳಿಗೂ ಕೆಪಾಸಿಟರಿಗೂ ಹಾಗಲ್ಲ.

ಸುರುಳಿ ಎಂದರೆ ಕೊಡಿಯಾಲ್ ತೇರು. ರಥಬೀದಿಯಲ್ಲಿ ರಥಸಪ್ತಮಿಯ ದಿನ ವೆಂಕಟರಮಣ ದೇವಸ್ಥಾನದ ತೇರೆಳೆದವರಿಗೆ ಗೊತ್ತು: ಹೊರಡಿಸುವುದೂ ಕಷ್ಟ, ಹೊರಟದ್ದನ್ನು ನಿಲ್ಲಿಸುವುದು ಅದಕ್ಕಿಂತ ಕಷ್ಟ. ಸುರುಳಿಯಲ್ಲಿ ಹರಿಯುವ ಪ್ರವಾಹವೂ ಅಷ್ಟೆ, ಹಠಾತ್ತಾಗಿ ಬದಲಾಗಲು ಒಪ್ಪುವುದಿಲ್ಲ. ಒತ್ತಾಯದಿಂದ ನಿಲ್ಲಿಸಿದರೆ ಆ ವೇಗದ ಶಕ್ತಿಯೆಲ್ಲ ವೋಲ್ಟೇಜಾಗಿ ಚಿಮ್ಮುತ್ತದೆ. ಓಡುತ್ತಿರುವ ಮಿಕ್ಸಿಯ ಪ್ಲಗ್ಗನ್ನು ಕಿತ್ತಾಗ ಹಾರುವ ಕಿಡಿ ಅದೇ. ಕಬ್ಬಿಣದ ಟ್ರಾನ್ಸ್‌ಫಾರ್ಮರ್‌ಗೆ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಹಾಕಿದರೆ ಸೆಕೆಂಡಿಗೆ ನೂರು ಸಲ ಆ ಕಿಡಿಯ ಹೊಡೆತ ಡಿಮ್ಮರಿನ ಟ್ರಾನ್ಸಿಸ್ಟರಿಗೆ ಬೀಳುತ್ತದೆ. ಒಳ್ಳೆಯ ಡಿಮ್ಮರ್ ಅಪಾಯ ಅರಿತು ತಾನೇ ಆರಿಕೊಳ್ಳುತ್ತದೆ, ಅಗ್ಗದ್ದು ಸಾಯುತ್ತದೆ. ಟ್ರಯಾಕ್‌ಗೆ ಈ ಗೋಳಿಲ್ಲ. ಪ್ರವಾಹ ಸೊನ್ನೆಯಾಗುವ ತನಕ ಮುಚ್ಚೆನೆಂಬ ಅದರ ಹಟವೇ ಇಲ್ಲಿ ಕಾಯುತ್ತದೆ. ಕಬ್ಬಿಣಕ್ಕೆ ಲೀಡಿಂಗ್ ಎಡ್ಜ್ ಎನ್ನುವುದು ಇದಕ್ಕಾಗಿ.

ಕೆಪಾಸಿಟರಿನ ಮುನಿಸು ಬೇರೆ. ಅದಕ್ಕೆ ಸಹಿಸಲಾಗದ್ದು ವೋಲ್ಟೇಜಿನ ನೆಗೆತ. 230 ಎಂಬುದು ಒಂದು ಬಗೆಯ ಸರಾಸರಿ. ಅಲೆಯ ನೆತ್ತಿಯಲ್ಲಿ ವೋಲ್ಟೇಜ್ 325 ಇರುತ್ತದೆ. ನಾಬನ್ನು ಅರ್ಧಕ್ಕೆ ತಿರುಗಿಸಿದಾಗ ಲೀಡಿಂಗ್ ಎಡ್ಜ್ ಡಿಮ್ಮರ್ ಬಾಗಿಲು ತೆರೆಯುವುದು ಸರಿಯಾಗಿ ಆ ನೆತ್ತಿಯಲ್ಲಿ. ಸೊನ್ನೆಯಿಂದ 325ಕ್ಕೆ ಒಂದೇ ಜಿಗಿತ. ತುಂಬೆ ಅಣೆಕಟ್ಟಿನ ಗೇಟು ಎತ್ತಿ ಅಡಿಯಲ್ಲಿ ಖಾಲಿ ಕೊಡ ಹಿಡಿದ ಹಾಗೆ. ಕೆಪಾಸಿಟರಿನೊಳಗೆ ಪ್ರವಾಹ ಧುಮುಕುತ್ತದೆ, ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಕಿರುಗುಟ್ಟುತ್ತದೆ, ಬಿಸಿಯಾಗುತ್ತದೆ, ಆಯಸ್ಸು ಸವೆಸಿಕೊಳ್ಳುತ್ತದೆ. ಟ್ರೇಲಿಂಗ್ ಎಡ್ಜ್‌ನಲ್ಲಿ ವೋಲ್ಟೇಜು ಸೊನ್ನೆಯಿಂದ ಮೆಲ್ಲಗೆ ಏರುತ್ತದೆ, ಕೊಡ ಸಮಾಧಾನದಲ್ಲಿ ತುಂಬುತ್ತದೆ. ಎರಡೂ ಬಗೆಯ ಕತ್ತರಿಗೆ ಒಗ್ಗುವಂತೆ ಮಾಡಿದ ಎಲೆಕ್ಟ್ರಾನಿಕ್ ಡಬ್ಬಿಗಳೂ ಇವೆ. ಹಾಗಿದ್ದರೆ ಲೇಬಲಿನಲ್ಲಿ ಹೇಳಿರುತ್ತದೆ. ಏನೂ ಹೇಳದಿದ್ದರೆ ಅದು ಡಿಮ್ಮರಿಗೆ ಆಗುವಂಥದ್ದೇ ಅಲ್ಲ ಎಂದು ತಿಳಿಯುವುದು ಕ್ಷೇಮ.

ಒಳ್ಳೆಯ ತಯಾರಕರು ಡಿಮ್ಮರಿನ ಮೇಲೆ ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಈ ಜಾತಕವನ್ನೆಲ್ಲ ಬರೆದಿರುತ್ತಾರೆ. ‘ಆರ್’ ಎಂದರೆ ತಂತುವಿನ ದೀಪ, ‘ಎಲ್’ ಎಂದರೆ ಸುರುಳಿ, ‘ಸಿ’ ಎಂದರೆ ಕೆಪಾಸಿಟರ್. ಆರ್ ಮತ್ತು ಎಲ್ ಇದ್ದರೆ ಕಬ್ಬಿಣಕ್ಕೆ, ಆರ್ ಮತ್ತು ಸಿ ಇದ್ದರೆ ಎಲೆಕ್ಟ್ರಾನಿಕ್‌ಗೆ. ಮೂರೂ ಇರುವ ಡಿಮ್ಮರ್ ಮುಂದೆ ಏನಿದೆ ಎಂದು ತಾನೇ ಪರೀಕ್ಷಿಸಿ ಕತ್ತರಿಯ ಬದಿ ಆರಿಸುತ್ತದೆ. ಆದರೆ ಒಂದೇ ಡಿಮ್ಮರಿನ ಮೇಲೆ ಒಂದು ಕಬ್ಬಿಣದ, ಒಂದು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಎಷ್ಟು ಜಾಣ ಡಿಮ್ಮರಿಗೂ ದಾರಿಯಿಲ್ಲ. ಹಂಪನಕಟ್ಟೆಯ ಆಸುಪಾಸಿನ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ವ್ಯಾಟಿನದು?’ ಎಂದು. ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು.

ಎರಡನೆಯ ಪ್ರಶ್ನೆಯಲ್ಲೂ ಒಂದು ಮಡಿಕೆ ಇದೆ. 50 ವ್ಯಾಟಿನ ನಾಲ್ಕು ದೀಪ ಎಂದರೆ 200 ವ್ಯಾಟ್ ಎಂದು ಎಲ್ಲರೂ ಕೂಡಿಸುತ್ತಾರೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ತಾನೂ ಒಂದಿಷ್ಟು ತಿನ್ನುತ್ತದೆ, ಅದನ್ನು ಸೇರಿಸಬೇಕು. ಮತ್ತೆ, ಡಿಮ್ಮರಿನ ಮೇಲೆ ಬರೆದ ಗರಿಷ್ಠ ಸಾಮಾನ್ಯವಾಗಿ ತಂತುವಿನ ಬಲ್ಬಿನ ಲೆಕ್ಕದ್ದು, ಟ್ರಾನ್ಸ್‌ಫಾರ್ಮರ್ ಇದ್ದಾಗ ಅದರ ಮುಕ್ಕಾಲು ಭಾಗವಷ್ಟೇ ನಂಬಬಹುದು. ಏಳೆಂಟು ಸ್ವಿಚ್ಚು, ಎರಡು ಫ್ಯಾನ್ ರೆಗ್ಯುಲೇಟರ್ ಇಡುಕಿರಿದ ಬೋರ್ಡಿನಲ್ಲಿ, ಬಿಸಿಲು ಬಿದ್ದ ಗೋಡೆಯಲ್ಲಿ, ಇನ್ನೂ ಕಡಿಮೆ. ನಾಲ್ಕು ದೀಪಕ್ಕೆ 400 ವ್ಯಾಟಿನ ಡಿಮ್ಮರ್ ಕೊಂಡರೆ ದುಂದುವೆಚ್ಚ ಎನ್ನಲಾಗದು.

ಕೆಳಮಿತಿಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಎಲೆಕ್ಟ್ರಾನಿಕ್ ಡಬ್ಬಿಯ ಮೇಲೆ ‘20–60’ ಎಂದಿದ್ದರೆ ಹೊರೆ 20 ವ್ಯಾಟಿಗಿಂತ ಕಡಿಮೆಯಾದಾಗ ಅದು ಶುರುವೇ ಆಗದಿರಬಹುದು. ಡಿಮ್ಮರಿಗೂ ಇಂಥ ಕೆಳಮಿತಿ ಉಂಟು. ಟ್ರಯಾಕ್ ತೆರೆದೇ ಇರಲು ಇಷ್ಟಾದರೂ ಪ್ರವಾಹ ಬೇಕು. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಒಂದರಲ್ಲಿ ನಾಲ್ಕು ದೀಪ ಇದ್ದು ಒಂದೊಂದೇ ಸತ್ತಾಗ ಬೇರೊಂದು ತಮಾಷೆ ನಡೆಯುತ್ತದೆ. ಹೊರೆ ಇಳಿದಂತೆ ಉಳಿದವುಗಳ ವೋಲ್ಟೇಜು ತುಸು ಏರುತ್ತದೆ, ಅವೂ ಬೇಗ ಹೋಗುತ್ತವೆ. ನಾಲ್ಕೂ ಸತ್ತ ಮೇಲೆ ಉಳಿಯುವುದು ಬರೀ ಸುರುಳಿ. ಆಗ ಟ್ರಯಾಕ್ ಒಂದು ಉಬ್ಬಿಗೆ ತೆರೆದು ಇನ್ನೊಂದಕ್ಕೆ ತೆರೆಯದೆ ಎಡವಬಹುದು. ಕಬ್ಬಿಣ ಒಂದೇ ದಿಕ್ಕಿಗೆ ಕಾಂತವಾಗಿ, ದೀಪವೇ ಇಲ್ಲದೆ ಸುಡತೊಡಗುತ್ತದೆ. ಸತ್ತ ಬಲ್ಬನ್ನು ‘ಬರುವ ತಿಂಗಳು ಹಾಕುವ’ ಎಂದು ಬಿಡಬಾರದೆನ್ನುವುದು ಬರೀ ಅಂದಕ್ಕಲ್ಲ.

12 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಆ ಬದಿಯ ವಯರಿಂಗನ್ನು ಹಗುರವಾಗಿ ನೋಡುವುದು ರೂಢಿ. ಲೆಕ್ಕ ಮಾಡಿದರೆ ಅದೇ ಹೆಚ್ಚು ಜಾಗ್ರತೆ ಬೇಡುವ ಬದಿ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಐದು ಮೀಟರ್ ದೂರದ ಒಂದು 50 ವ್ಯಾಟಿನ ದೀಪಕ್ಕೆ ಹೋಗಿ ಬರುವಾಗ ಕಳೆಯುವುದು ಅರ್ಧ ವೋಲ್ಟ್. ಕೇಳಲು ಸಣ್ಣದು. ಆದರೆ ತಂತುವಿನ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಇಳಿಯುತ್ತದೆ, ಅರ್ಧ ವೋಲ್ಟ್ ಹೋದರೆ ಬೆಳಕಿನಲ್ಲಿ ಶೇ. 13ಕ್ಕೂ ಹೆಚ್ಚು ಖೋತಾ. ಅದೇ ತಂತಿಯಲ್ಲಿ ಮೂರು ದೀಪ ಎಳೆದರೆ 12.5 ಆಂಪಿಯರ್, ಒಂದೂವರೆ ವೋಲ್ಟ್ ನಷ್ಟ, ಮೂರನೇ ಒಂದರಷ್ಟು ಬೆಳಕು ಹಾದಿಯಲ್ಲೇ ಮಾಯ. ಉಪ್ಪುಗಾಳಿಗೆ ಪಿನ್ನು ಕಿಲುಬು ಹಿಡಿದಿದ್ದರೆ, ಹೋಲ್ಡರ್ ಸಡಿಲವಾಗಿದ್ದರೆ ಅಲ್ಲೇ ಬಿಸಿ ಕೂಡಿ ಪ್ಲಾಸ್ಟಿಕ್ ಕರಗುತ್ತದೆ. ಟ್ರಾನ್ಸ್‌ಫಾರ್ಮರ್ ದೀಪದ ಹತ್ತಿರವಿರಬೇಕು. ಎಲೆಕ್ಟ್ರಾನಿಕ್ ಆದರೆ ತಯಾರಕರು ಹೇಳುವ ಮಿತಿ ಹೆಚ್ಚಾಗಿ ಎರಡು ಮೀಟರ್, ಯಾಕೆಂದರೆ ಅದರಾಚೆಗೆ ಆ ತಂತಿ ರೇಡಿಯೊ ಆಂಟೆನಾದಂತೆ ವರ್ತಿಸತೊಡಗುತ್ತದೆ. ಮೀಡಿಯಂ ವೇವ್‌ನ 1089 ಕಿಲೋಹರ್ಟ್ಸ್‌ನಲ್ಲಿ ಆಕಾಶವಾಣಿ ಮಂಗಳೂರನ್ನು ಕೇಳುತ್ತಿದ್ದ ಮನೆಗಳಲ್ಲಿ, ಸೋವಿ ಡಿಮ್ಮರ್ ತಿರುಗಿಸಿದರೆ ತಾಳಮದ್ದಳೆಯ ಅರ್ಥಗಾರಿಕೆಯ ಮೇಲೆ ‘ಗರ್’ ಎಂಬ ಪರದೆ ಬೀಳಲು ಅಷ್ಟು ಸಾಕಿತ್ತು.

ಹತ್ತಿರ ಎಂದರೆ ದೀಪದ ಬೆನ್ನಿಗೆ ಅಂಟಿಸುವುದೂ ಅಲ್ಲ. ಈ ದೀಪದ ಕನ್ನಡಿ ಬೆಳಕನ್ನು ಮುಂದಕ್ಕೆ ಕಳಿಸಿ, ಶಾಖದ ದೊಡ್ಡ ಪಾಲನ್ನು ಹಿಂದಕ್ಕೆ ಬಿಡುವಂತೆ ಮಾಡಿದ್ದು. ಕೆಳಗಿನ ಒಡವೆಗೋ ಚಿತ್ರಕ್ಕೋ ತಂಪು, ಮೇಲಿನ ಸೀಲಿಂಗಿಗೆ ಬೆಂಕಿ. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲಿ ಶುರು ಮಾಡಿದ ಹೆಂಚಿನ ಉದ್ಯಮದಿಂದ ಬೆಳೆದ ಊರಿದು. ಹೆಂಚಿನ ಮಾಡಿನ ಅಡಿಯಲ್ಲಿ ಮರದ ಮುಚ್ಚಿಗೆ ಇರುವ ಮನೆಗಳು ಇನ್ನೂ ಉಳಿದಿವೆ. ಒಣಗಿದ ಹಲಗೆ, ಮೇಲೆ ಜೇಡರ ಬಲೆ, ಇಲಿ ತಂದಿಟ್ಟ ತೆಂಗಿನ ನಾರು. ಅಲ್ಲಿ ತೂತು ಕೊರೆದು ಹ್ಯಾಲೊಜೆನ್ ಇಳಿಸುವ ಯೋಚನೆಯನ್ನೇ ಬಿಡುವುದು ವಾಸಿ.

ಊರಿನ ಕರೆಂಟಿಗೂ ತನ್ನದೇ ಮರ್ಜಿ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ವೋಲ್ಟೇಜು ಶೇ. 6ರಷ್ಟು ಆಚೀಚೆ ಆಗಲು ಬಿಟ್ಟಿದ್ದವು: 216ರಿಂದ 244. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮೇಲಿನದ್ದನ್ನು ಹಾಗೆಯೇ ಕೆಳಕ್ಕೆ ದಾಟಿಸುತ್ತದೆ. 244 ಬಂದರೆ ದೀಪಕ್ಕೆ 12.7, ಶೇ. 5 ಹೆಚ್ಚಾದರೇ ತಂತುವಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಂಜೆ ಬಾವಿಯ ಪಂಪು ಹಾಕಿದ ಕ್ಷಣ ದೀಪ ಕಣ್ಣು ಮಿಟುಕಿಸುವುದು ಇನ್ನೊಂದು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎಲೆಕ್ಟ್ರಾನಿಕ್ ಡಬ್ಬಿ ಬೇಗ ಬಲಿಯಾಗುತ್ತದೆ, ಕಬ್ಬಿಣ ತಾಳಿಕೊಳ್ಳುತ್ತದೆ. ‘ಕರೆಂಟ್ ಪೋಂಡ್’ ಎಂದು ತುಳುವಿನಲ್ಲಿ ಕೂಗು ಎದ್ದು ಇನ್ವರ್ಟರ್ ಹತ್ತಿಕೊಂಡಾಗ, ಅದು ಚೌಕದಲೆಯ ಅಗ್ಗದ ಇನ್ವರ್ಟರ್ ಆಗಿದ್ದರೆ, ಕಬ್ಬಿಣ ಇನ್ನಷ್ಟು ಗುನುಗುತ್ತದೆ. ಡಿಮ್ಮರಿಗೋ, ಕತ್ತರಿಸಲು ದುಂಡಗಿನ ಅಲೆಯೇ ಇಲ್ಲ. ಕಡಲ ಕಡೆಯ ಮನೆಗೆ ರಾಳ ತುಂಬಿ ಮುಚ್ಚಿದ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಜತೆಗೆ ಲೀಡಿಂಗ್ ಎಡ್ಜ್ ಡಿಮ್ಮರ್ ಎಂಬ ಹಳೆಯ ಜೋಡಿಯೇ ಲೇಸು ಅನ್ನಿಸುವುದು ಇದಕ್ಕೆ. ಭಾರ ಜಾಸ್ತಿ, ಸದ್ದೂ ಚೂರು ಇದ್ದೀತು.

ಇಳಿಸಿದ ಹ್ಯಾಲೊಜೆನ್‌ನ ಒಳಗೆ ಏನಾಗುತ್ತದೆ ಎಂಬುದು ಇನ್ನೂ ಸೊಗಸಿನ ಸಂಗತಿ. ತಂತುವಿನಿಂದ ಆವಿಯಾದ ಟಂಗ್‌ಸ್ಟನ್, ಬಲ್ಬಿನೊಳಗಿನ ಅಯೊಡಿನ್ ಅಥವಾ ಬ್ರೋಮಿನ್ ಜತೆ ಕೂಡಿ ತಂತುವಿಗೇ ವಾಪಸಾಗುತ್ತದೆ. ಬಲ್ಬಿನ ಗೋಡೆ ಕಪ್ಪಾಗುವುದಿಲ್ಲ. ಆದರೆ ಈ ಚಕ್ರ ತಿರುಗಲು ಗೋಡೆ ಸುಮಾರು 250 ಡಿಗ್ರಿಗಿಂತ ಬಿಸಿ ಇರಬೇಕು. ಸದಾ ಇಳಿಸಿಯೇ ಉರಿಸಿದರೆ ಗೋಡೆ ತಣ್ಣಗಾಗಿ ಮಸಿ ಹಿಡಿಯಬಹುದು. ಆಗೊಮ್ಮೆ ಈಗೊಮ್ಮೆ ಪೂರ್ತಿ ಏರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮಸಿ ತೊಳೆದುಹೋಗುತ್ತದೆ. ಉಳಿತಾಯದ ಲೆಕ್ಕವೂ ಜನ ಎಣಿಸಿದಂತಿಲ್ಲ. ಅಲೆಯ ಅರ್ಧ ಕತ್ತರಿಸಿದಾಗ ಬೆಳಕು ಶೇ. 30ಕ್ಕೆ ಕುಸಿದಿರುತ್ತದೆ, ಮೀಟರ್ ಮಾತ್ರ ಶೇ. 57ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಮೆಸ್ಕಾಂ ಬಿಲ್ಲು ಇಳಿಸಲು ಡಿಮ್ಮರ್ ಹಾಕಿಸಿದವರು ಮೋಸಹೋದರು. ಬೆಳಕಿನ ಬಣ್ಣಕ್ಕಾಗಿ ಹಾಕಿಸಿದವರಿಗೆ ಮೋಸವಿಲ್ಲ; ಬಿಳಿಯಿಂದ ಅರಿಸಿನಕ್ಕೆ, ಅರಿಸಿನದಿಂದ ಎಣ್ಣೆದೀಪದ ಕೆಂಬಣ್ಣಕ್ಕೆ ಇಳಿಯುವ ಆ ಹದ ಸಾಮಾನ್ಯ ಎಲ್‌ಇಡಿಗೆ ಬರುವುದಿಲ್ಲ.

ಆದರೂ ಎಲ್‌ಇಡಿ ಬಂತು. 2015ರಲ್ಲಿ ಶುರುವಾದ ಕೇಂದ್ರದ ಉಜಾಲಾ ಯೋಜನೆಯ ಅಗ್ಗದ ಬಲ್ಬು ಮನೆಮನೆ ಹೊಕ್ಕಿತು; ಹ್ಯಾಲೊಜೆನ್‌ನದೇ ಅಳತೆಯ 5 ವ್ಯಾಟಿನ ಎಲ್‌ಇಡಿಯೂ ಅಂಗಡಿಗೆ ಬಂತು. ಪಿನ್ನು ಸರಿಯಾಗಿ ಕೂರುತ್ತದೆ, ವೋಲ್ಟೂ 12. ಹಾಕಿದ ಕೂಡಲೇ ಮಿಣುಕು. 35ರಿಂದ 105 ವ್ಯಾಟ್ ಹೊರಲು ಹುಟ್ಟಿದ ಎಲೆಕ್ಟ್ರಾನಿಕ್ ಡಬ್ಬಿಗೆ ಎರಡು ಎಲ್‌ಇಡಿಯ 10 ವ್ಯಾಟ್ ಹೊರೆಯೆಂದೇ ತೋರುವುದಿಲ್ಲ, ಏಳುತ್ತದೆ, ಬೀಳುತ್ತದೆ. ಸರಿಯಾದ ಪರಿಹಾರ ಡಬ್ಬಿ ಕಿತ್ತು ಎಲ್‌ಇಡಿಯ ಡ್ರೈವರ್ ಹಾಕುವುದು, ಅದಕ್ಕೆ ಹೊಂದುವ ಡಿಮ್ಮರ್ ಹುಡುಕುವುದು. ಸೀಲಿಂಗ್ ಒಡೆಯಲು ಮನಸ್ಸಿಲ್ಲದವರು ಕಂಡುಕೊಂಡ ಉಪಾಯ ಬೇರೆ. ಒಂದು ಡಬ್ಬಿಯ ಎರಡು ದೀಪಗಳಲ್ಲಿ ಒಂದನ್ನಷ್ಟೇ ಬದಲಿಸಿ, ಇನ್ನೊಂದು ಹ್ಯಾಲೊಜೆನ್ ಆಗಿಯೇ ಇರಲಿ ಎಂದು ಬಿಡುತ್ತಾರೆ. ಅದರ 50 ವ್ಯಾಟಿನ ಹೊರೆಯನ್ನು ನೆಚ್ಚಿಕೊಂಡು ಎಲ್‌ಇಡಿಯೂ ಮಿಣುಕದೆ ಉರಿಯುತ್ತದೆ, ಎಲ್ಲ ಸಲವಲ್ಲದಿದ್ದರೂ ಬಹಳ ಸಲ. ಶೋಕೇಸಿನ ಗೊಂಬೆಗೆ ತಣ್ಣನೆಯ ಹೊಸ ಬೆಳಕು. ಪಕ್ಕದ ಫೋಟೊದ ಮೇಲೆ ಹಳೆಯ ಹಳದಿ, ಅದರ ಕೆಳಗೆ ನಿಂತರೆ ನೆತ್ತಿಗೆ ತಾಗುವ ಬಿಸಿ.